ಬಂಕರ್ ತುಂಡೋ, ಪ್ಲಗ್ಗೋ, ಬಕ್‌ಟೇಲೋ? ಜರ್ಸಿ ದಡದಲ್ಲಿ ಸ್ಟ್ರೈಪರ್‌ಗೆ ಗಾಳ

ನ್ಯೂಜರ್ಸಿಯ ಕಡಲ ದಡದಲ್ಲಿ ನಿಂತು ಸ್ಟ್ರೈಪ್ಡ್ ಬಾಸ್ (ಮೈಮೇಲೆ ಪಟ್ಟೆಗಳಿರುವ ದೊಡ್ಡ ಮೀನು, ಸ್ಟ್ರೈಪರ್ ಅಂತಲೂ ಕರೆಯುತ್ತಾರೆ) ಹಿಡಿಯಲು ಗಾಳದ ತುದಿಗೆ ಏನು ಕಟ್ಟಬೇಕು? ಎಡಿಸನ್ ಕಡೆಯ ಕನ್ನಡದ ಗೆಳೆಯರು ನನ್ನನ್ನು ಜಾಸ್ತಿ ಕೇಳುವ ಪ್ರಶ್ನೆ ಇದೇ. ಅಂಗಡಿಗೆ ಹೋದರೆ ಗೋಡೆ ತುಂಬ ಲೂರ್‌ಗಳು, ಅಂದರೆ ಮೀನನ್ನು ಮರುಳು ಮಾಡುವ ನಕಲಿ ಆಹಾರಗಳು, ನೇತಾಡುತ್ತಿರುತ್ತವೆ, ಯಾವುದನ್ನು ಮುಟ್ಟಬೇಕು ಅಂತಲೇ ತಿಳಿಯುವುದಿಲ್ಲ. ಐಲೆಂಡ್ ಬೀಚ್ ಸ್ಟೇಟ್ ಪಾರ್ಕ್‌ನ ಮರಳಿನಲ್ಲಿ ನಾನು ನಾಲ್ಕನ್ನು ಚೆನ್ನಾಗಿ ಬಳಸಿ ನೋಡಿದ್ದೇನೆ: ಬಂಕರ್ ಮೀನಿನ ತುಂಡು, ಎಸ್‌ಪಿ ಮಿನ್ನೋ ಪ್ಲಗ್ (ಪುಟ್ಟ ಮೀನಿನ ಆಕಾರದ ಗಟ್ಟಿ ಲೂರ್), ಏವಿಎ ಮೆಟಲ್ ಮತ್ತು ಬಕ್‌ಟೇಲ್.

ಎಷ್ಟು ಮೀನು ಬಿತ್ತು ಅನ್ನುವುದೊಂದೇ ನನ್ನ ಅಳತೆ ಅಲ್ಲ. ಇಲ್ಲಿ ದಿನಕ್ಕೆ ಒಂದೇ ಸ್ಟ್ರೈಪರ್ ಮನೆಗೆ ಒಯ್ಯಬಹುದು. ಅದು 28 ಇಂಚು ತುಂಬಿರಬೇಕು, 31 ಮೀರಿರಬಾರದು. 2023ರಲ್ಲಿ ಬಿಗಿಯಾದ ನಿಯಮ ಇದು. ಮೂರೇ ಇಂಚಿನ ಸಂದು ಅಲ್ವಾ? ಹಾಗಾಗಿ ಹಿಡಿದ ಮೀನುಗಳಲ್ಲಿ ಬಹುಪಾಲು ನೀರಿಗೇ ವಾಪಸ್ ಹೋಗುತ್ತವೆ. ಹೀಗೆ ಬಿಟ್ಟ ಮೀನುಗಳಲ್ಲಿ ನೂರಕ್ಕೆ 9 ಸಾಯುತ್ತವೆ ಅಂತ ಅಟ್ಲಾಂಟಿಕ್ ರಾಜ್ಯಗಳ ಮೀನುಗಾರಿಕೆ ಆಯೋಗ ಲೆಕ್ಕ ಹಿಡಿಯುತ್ತದೆ. 1980ರ ಸುಮಾರಿಗೆ ಈ ಮೀನು ಎಷ್ಟು ಕಡಿಮೆಯಾಗಿತ್ತು ಅಂದರೆ, ಮೇರಿಲ್ಯಾಂಡ್ 1985ರಿಂದ 1990ರ ತನಕ ಹಿಡಿಯುವುದನ್ನೇ ನಿಲ್ಲಿಸಿತ್ತು. ಸಂಖ್ಯೆ ಚೇತರಿಸಿಕೊಂಡಿದೆ ಅಂತ ಆಯೋಗ ಹೇಳಿದ್ದು 1995ರಲ್ಲಿ. ಈಗ ಮತ್ತೆ ಚೆಸಪೀಕ್ ಕೊಲ್ಲಿಯಲ್ಲಿ 2019ರಿಂದ ಈಚೆಗೆ ಮರಿಗಳು ಸರಿಯಾಗಿ ಆಗುತ್ತಿಲ್ಲ. ಆದ್ದರಿಂದ ಕೊಕ್ಕೆ ಬಾಯಲ್ಲಿ ಎಲ್ಲಿ ಕೂರುತ್ತದೆ, ಎಷ್ಟು ಬೇಗ ಬಿಡಿಸಬಹುದು ಅನ್ನುವುದನ್ನೇ ನಾನು ಮೊದಲು ನೋಡುತ್ತೇನೆ.

ಬಂಕರ್ ತುಂಡಿನಿಂದ ಶುರು ಮಾಡೋಣ. ಬಂಕರ್ ನಮ್ಮ ಕರಾವಳಿಯ ಬೂತಾಯಿಯ ದೊಡ್ಡ ನೆಂಟ ಇದ್ದ ಹಾಗೆ, ಅದೇ ಎಣ್ಣೆ, ಅದೇ ಘಾಟು. ತಾಜಾ ಸಿಕ್ಕಿದರೆ ಮಾತ್ರ ತೆಗೆದುಕೊಳ್ಳಿ. ಫ್ರೀಜರಿನದ್ದು ಮೆತ್ತಗಾಗಿ, ಎಸೆಯುವಾಗಲೇ ಕೊಕ್ಕೆಯಿಂದ ಕಳಚಿ ಹಾರುತ್ತದೆ. ತಲೆಯ ತುಂಡು ಗಟ್ಟಿ, ದೊಡ್ಡ ಮೀನಿಗೆ ಅದೇ ಒಳ್ಳೆಯದು. ಹತ್ತು ಹನ್ನೊಂದು ಅಡಿಯ ರಾಡ್, ದಾರದಲ್ಲಿ ಜಾರಾಡುವ ಐದಾರು ಔನ್ಸಿನ ಸೀಸದ ಗುಂಡು, ಮರಳಿಗೆ ಚುಚ್ಚಿದ ಕೊಳವೆಯಲ್ಲಿ ರಾಡ್ ನಿಲ್ಲಿಸಿ ಕಾಯುವುದು. ಏಪ್ರಿಲ್, ಮೇ ತಿಂಗಳಲ್ಲಿ ದಡದಿಂದ ದೊಡ್ಡ ಮೀನು ಬೇಕು ಅಂದರೆ ಈ ನಾಲ್ಕರಲ್ಲಿ ಇದಕ್ಕೆ ಸಾಟಿ ಇಲ್ಲ.

ಮೀನಿನ ತುಂಡು ಕಟ್ಟಿದರೆ ಸರ್ಕಲ್ ಹುಕ್ ಕಡ್ಡಾಯ. ಇದರ ತುದಿ ಒಳಕ್ಕೆ ಬಾಗಿರುತ್ತದೆ. ಮೀನು ತುಂಡನ್ನು ಬಾಯಲ್ಲಿಟ್ಟುಕೊಂಡು ತಿರುಗಿ ಹೊರಟಾಗ ಕೊಕ್ಕೆ ಜಾರಿ ಬಂದು ಬಾಯಿಯ ಮೂಲೆಗೆ ಕಚ್ಚುತ್ತದೆ. ನೀವು ಮಾಡಬೇಕಾದ್ದು ಒಂದೇ, ರಾಡನ್ನು ಜಗ್ಗಬಾರದು. ಜಗ್ಗಿದರೆ ಬಾಯಿಂದ ಸುಮ್ನೆ ಈಚೆ ಬರುತ್ತದೆ. ದಾರ ಬಿಗಿಯುವ ತನಕ ಬಿಟ್ಟು, ಆಮೇಲೆ ನಿಧಾನಕ್ಕೆ ಸುತ್ತಿ. ಇದರಿಂದಾಗಿ ತುಂಡು ಹಾಕುವವರ ಮೇಲಿದ್ದ ಹಳೇ ಆರೋಪ, ಮೀನಿನ ಹೊಟ್ಟೆಗೇ ಕೊಕ್ಕೆ ಇಳಿಸುತ್ತಾರೆ ಅನ್ನುವುದು, ಈಗ ಬಹಳ ಮಟ್ಟಿಗೆ ಹೋಗಿದೆ. ಉಳಿದ ತೊಂದರೆ ಅಂದರೆ ಸ್ಕೇಟ್ (ತೊರಕೆಯಂಥ ಚಪ್ಪಟೆ ಮೀನು) ಮತ್ತು ಡಾಗ್‌ಫಿಶ್ (ಸಣ್ಣ ಶಾರ್ಕ್). ಅವು ಬಂದ ದಿನ ತುಂಡು ಕಟ್ಟುವುದು, ಅವನ್ನು ಬಿಡಿಸುವುದು, ಮತ್ತೆ ಕಟ್ಟುವುದು, ಇಷ್ಟೇ ಕೆಲಸ.

ಎಸ್‌ಪಿ ಮಿನ್ನೋ ಡೈವಾ ಕಂಪನಿಯ ಸುಮಾರು ಆರಿಂಚಿನ ಪ್ಲಗ್. ಗಾಳಿಗೆ ಎದುರಾಗಿಯೂ ದೂರ ಹೋಗುತ್ತದೆ. ನಸುಕಿನಲ್ಲಿ ಮರಳ ದಿಬ್ಬದ ಮೇಲೆ ಅಲೆ ಒಡೆದು ಬಿಳಿ ನೊರೆ ಹರಡುತ್ತದಲ್ಲ, ಅದರ ಹಿಂದಿನ ಗುಂಡಿಯಲ್ಲಿ ನಿಧಾನವಾಗಿ ಎಳೆದರೆ ಹೊಡೆತ ಮೊಣಕೈ ತನಕ ಬರುತ್ತದೆ. ಆ ಖುಷಿ ತುಂಡಿನಲ್ಲಿ ಇಲ್ಲ. 1982ರ ಸೆಪ್ಟೆಂಬರಿನಲ್ಲಿ ಆಲ್ ಮ್ಯಾಕ್‌ರೆನಾಲ್ಡ್ಸ್ ಅಟ್ಲಾಂಟಿಕ್ ಸಿಟಿಯ ಕಲ್ಲು ಜೆಟ್ಟಿಯ ಮೇಲಿಂದ 78 ಪೌಂಡ್ 8 ಔನ್ಸಿನ ಮೀನು ಹಿಡಿದದ್ದೂ ಪ್ಲಗ್ಗಿನಿಂದಲೇ. 2011ರ ತನಕ ಅದೇ ವಿಶ್ವದಾಖಲೆಯಾಗಿತ್ತು.

ಆದರೆ ನನ್ನ ಅಳತೆಯಲ್ಲಿ ಪ್ಲಗ್ ಹಿಂದೆ ಬೀಳುತ್ತದೆ. ಅದರಲ್ಲಿ ಮೂರು ಮೊನೆಯ ಕೊಕ್ಕೆ ಎರಡು ಇರುತ್ತವೆ. ಒಂದು ತುಟಿಗೆ ಕಚ್ಚಿದರೆ ಇನ್ನೊಂದು ಕಿವಿರಿಗೋ ಕಣ್ಣಿಗೋ ತಾಗಬಹುದು. ಒದ್ದಾಡುವ ಮೀನಿನಿಂದ ಅದನ್ನು ಬಿಡಿಸುವಾಗ ನಿಮ್ಮ ಬೆರಳಿಗೂ ಅಪಾಯವೇ. ಹಾಗಾಗಿ ನಾನು ಹಿಂದಿನದನ್ನು ತೆಗೆದು ಒಂಟಿ ಕೊಕ್ಕೆ ಹಾಕುತ್ತೇನೆ, ಮುಂದಿನದರ ಮುಳ್ಳುಗಳನ್ನು ಇಕ್ಕಳದಿಂದ ಒತ್ತಿ ಮಟ್ಟ ಮಾಡುತ್ತೇನೆ. ದಾರ ಸಡಿಲ ಬಿಡದಿದ್ದರೆ ಮೀನು ತಪ್ಪಿಸಿಕೊಳ್ಳುವುದು ಅಷ್ಟೇನೂ ಜಾಸ್ತಿಯಾಗುವುದಿಲ್ಲ.

ಏವಿಎ ನವೆಂಬರಿನ ಸಾಮಾನು. ಆಗ ಸ್ಟ್ರೈಪರ್‌ಗಳು ದಕ್ಷಿಣಕ್ಕೆ ಹೊರಟಿರುತ್ತವೆ, ದಡದ ಹತ್ತಿರ ಸ್ಯಾಂಡ್ ಈಲ್ ಅನ್ನುವ ತೆಳ್ಳಗಿನ ಪುಟ್ಟ ಮೀನುಗಳ ಹಿಂಡನ್ನು ಮೇಯುತ್ತಿರುತ್ತವೆ. ಅದರ ರುಚಿ ಹತ್ತಿದಾಗ ಬಂಕರ್ ತುಂಡನ್ನು ಅವು ಮೂಸಿಯೂ ನೋಡದೆ ಹೋಗುವುದುಂಟು. ಹೊಳೆಯುವ ಉದ್ದ ಲೋಹದ ತುಂಡು, ಬಾಲಕ್ಕೆ ಹಸಿರು ರಬ್ಬರ್ ನಳಿಕೆ, ಒಂದೇ ಕೊಕ್ಕೆ. ಎಸೆದು ಸುತ್ತಿದರೆ ಮುಗಿಯಿತು. ಬೇರೆ ಕಾಲದಲ್ಲಿ ನಾನು ಅದನ್ನು ಚೀಲದಿಂದ ತೆಗೆಯುವುದೇ ಅಪರೂಪ.

ಇನ್ನು ಬಕ್‌ಟೇಲ್. ಸೀಸದ ತಲೆ, ಅದಕ್ಕೆ ಕಟ್ಟಿದ ಜಿಂಕೆ ಬಾಲದ ಬಿಳಿ ಕೂದಲು, ಮೇಲ್ಮುಖವಾದ ಒಂದೇ ಕೊಕ್ಕೆ. ನೋಡಲು ಏನೂ ಅಲ್ಲ, ಬೆಲೆಯೂ ಪ್ಲಗ್ಗಿಗಿಂತ ತುಂಬಾ ಕಡಿಮೆ. ನೀರಿನ ಸೆಳೆತ ನೋಡಿಕೊಂಡು ಒಂದು ಔನ್ಸಿನಿಂದ ಎರಡರ ತನಕ ಬದಲಿಸುತ್ತೇನೆ. ತಳಕ್ಕೆ ತಾಗಿಯೂ ತಾಗದ ಹಾಗೆ ಎಳೆಯಬೇಕು. ಆಗಾಗ ಮರಳು ಮುಟ್ಟಿದ್ದು ಕೈಗೆ ಗೊತ್ತಾಗಬೇಕು, ಗೊತ್ತಾಗದಿದ್ದರೆ ತೂಕ ಸಾಲದು ಅಂತ ಅರ್ಥ. ಎರಡು ಸಲ ಎಸೆದರೆ ಗುಂಡಿ ಎಲ್ಲಿದೆ, ದಿಬ್ಬ ಎಲ್ಲಿ ಕಡಿದಿದೆ, ಸೆಳೆತ ಯಾವ ಕಡೆಗೆ ಅನ್ನುವುದನ್ನು ಅದೇ ಹೇಳಿಬಿಡುತ್ತದೆ. ಬಾರ್ನೆಗಟ್ ಇನ್‌ಲೆಟ್ (ಕೊಲ್ಲಿ ಕಡಲಿಗೆ ಸೇರುವ ಅಳಿವೆ) ಕಡೆ ಇಳಿತದ ನೀರು ಜೋರಾಗಿ ಹೊರಕ್ಕೆ ಹರಿಯುವಾಗ ಪ್ಲಗ್ ಮೇಲೆ ಮೇಲೆ ತೇಲುತ್ತದೆ, ಬಕ್‌ಟೇಲ್ ಮೀನು ನಿಂತ ಜಾಗಕ್ಕೇ ಇಳಿಯುತ್ತದೆ. ಕಚ್ಚಿದ ಮೀನಿಗೆ ಬಹುತೇಕ ಮೇಲ್ದುಟಿಯಲ್ಲೋ ಬಾಯಿಯ ಮೂಲೆಯಲ್ಲೋ ಕೊಕ್ಕೆ ಕೂತಿರುತ್ತದೆ. ಮೀನನ್ನು ಮರಳಿಗೆ ಎಳೆಯದೆ, ಮೊಣಕಾಲು ಮಟ್ಟದ ನೀರಲ್ಲೇ ಬಿಡಿಸಿ ಕಳಿಸಬಹುದು.

ಕೊರತೆ ಇಲ್ಲವೇ? ಇದೆ. ನೀರಲ್ಲಿ ಪಾಚಿ, ಕಳೆ ತುಂಬಿದ ದಿನ ಪ್ರತಿ ಸಲವೂ ಹಸಿರು ಮುದ್ದೆಯೇ ಎದ್ದು ಬರುತ್ತದೆ. ಪೂರ್ವದ ಗಾಳಿ ಜೋರಿದ್ದಾಗ ಪ್ಲಗ್ಗಿನಷ್ಟು ದೂರ ಹೋಗುವುದಿಲ್ಲ. ಕೈಗೆ ಸುಳಿವು ಹತ್ತಲು ಒಂದು ಋತು ಹಿಡಿಯುತ್ತದೆ, ಅಲ್ಲಿಯವರೆಗೆ ಬೇಸರ ಬರುತ್ತದೆ. ಆದರೂ ಒಂದನ್ನೇ ಒಯ್ಯಬೇಕು ಅಂದರೆ ನಾನು ಒಯ್ಯುವುದು ಇದನ್ನೇ.

ಮಕ್ಕಳನ್ನೋ, ಊರಿನಿಂದ ಬಂದ ಅಪ್ಪ ಅಮ್ಮನನ್ನೋ ಕರೆದುಕೊಂಡು ಹೋಗುವವರಿಗೆ ಮಾತ್ರ ನನ್ನ ಸಲಹೆ ಬೇರೆ. ಅವರು ತಾಸುಗಟ್ಟಲೆ ಎಸೆಯುತ್ತಾ ನಿಲ್ಲಲಾರರು. ಬಂಕರ್ ತುಂಡು, ಸರ್ಕಲ್ ಹುಕ್, ಎರಡು ಕುರ್ಚಿ ಸಾಕು. ಹೋಗುವ ಮುಂಚೆ ರಾಜ್ಯದ ಸಮುದ್ರ ಮೀನುಗಾರಿಕೆ ನೋಂದಣಿ ಮಾಡಿಸಿಕೊಳ್ಳಿ, ದುಡ್ಡು ಕೊಡಬೇಕಿಲ್ಲ. ವೇಡರ್ (ಎದೆಮಟ್ಟದ, ನೀರು ಒಳಬಿಡದ ಉಡುಪು) ಹಾಕಿ ನೀರಿಗೆ ಇಳಿಯುವವರು ಸೊಂಟದ ಬೆಲ್ಟನ್ನು ಬಿಗಿಯಾಗಿ ಕಟ್ಟಿಕೊಳ್ಳಲೇಬೇಕು. ಅಲೆಗೆ ಸಿಕ್ಕಿ ಬಿದ್ದರೆ ಒಳಕ್ಕೆ ನೀರು ನುಗ್ಗದಂತೆ ತಡೆಯುವುದು ಅದೇ.