ಅಟ್ಟದ ಎಕ್ಸಾಸ್ಟ್ ಫ್ಯಾನ್: 9 ವರ್ಷ ಓಡಿಸಿದ ಮೇಲೆ ಬದಲಿಸಿದೆ

ನಮ್ಮದು ಕಡಲ ಬದಿಯ ಉದ್ಯಾವರದಲ್ಲಿ ಹಳೇ ಹಂಚಿನ ಮನೆ. 2015ರಲ್ಲಿ ಅಟ್ಟದ ಗೋಡೆಗೆ 12 ಇಂಚಿನ ಎಕ್ಸಾಸ್ಟ್ ಫ್ಯಾನ್ ಹಾಕಿಸಿದೆವು. ಏಪ್ರಿಲ್, ಮೇಯಲ್ಲಿ ಹಂಚು ಕಾದರೆ ಮುಚ್ಚಿಗೆಯ ಕೆಳಗೆ ಮಲಗಲು ಆಗುತ್ತಿರಲಿಲ್ಲ. ಮಳೆ ಹಿಡಿದರೆ ಅಟ್ಟದಲ್ಲಿಟ್ಟ ಕೊಬ್ಬರಿ, ಚಾಪೆ ಎಲ್ಲಕ್ಕೂ ಬೂಷ್ಟು. ಫ್ಯಾನ್ ಬಂದ ಮೇಲೆ ಎರಡೂ ಕಡಿಮೆಯಾಯಿತು. ಮೊದಲ 6 ವರ್ಷ ಅದರ ಕಡೆ ತಲೆ ಎತ್ತಿ ನೋಡಬೇಕಾಗಲೇ ಇಲ್ಲ.

ಆಮೇಲೆ ಒಂದು ದಿನ ಸ್ವಿಚ್ ಹಾಕಿದರೆ ಬರೀ ಗುಂಯ್ ಎಂಬ ಸದ್ದು. ಕೋಲಿನಿಂದ ರೆಕ್ಕೆ ತಳ್ಳಿದರೆ ಮಾತ್ರ ತಿರುಗುತ್ತಿತ್ತು. ಇದು ಕೆಪಾಸಿಟರ್ (ಮೋಟಾರ್ ತಿರುಗಲು ಶುರುವಾಗಲು ಬೇಕಾದ ಸಣ್ಣ ಬಿಡಿಭಾಗ) ಸೋತ ಲಕ್ಷಣ. ಸಣ್ಣ ಖರ್ಚು, ಬದಲಿಸಿದರೆ ಸರಿಹೋಗುತ್ತದೆ. ಇಷ್ಟಕ್ಕೇ ಫ್ಯಾನ್ ಎಸೆಯಬೇಡಿ. ಆದರೆ ದಿನಾ ಕೋಲು ಹಾಕಿ ಓಡಿಸಲೂ ಬೇಡಿ. ತಿರುಗದೆ ನಿಂತ ಮೋಟಾರಿಗೆ ಕರೆಂಟ್ ಹರಿಯುತ್ತಾ ಇದ್ದರೆ ಒಳಗಿನ ಕಾಯಿಲ್ ಸುಡುತ್ತದೆ.

ಒಮ್ಮೆ ಗಾಳಿಯೇ ಎಳೆಯುತ್ತಿಲ್ಲ ಅನ್ನಿಸಿತು. ನೋಡಿದರೆ ಫ್ಯಾನಿನದು ತಪ್ಪಲ್ಲ. ಬಾವಲಿ ಬರಬಾರದೆಂದು ಆಚೆ ಬದಿಯ ಜಾಲರಿಗೆ ನಾವೇ ಪ್ಲಾಸ್ಟಿಕ್ ಕಟ್ಟಿದ್ದೆವು. ಒಳಗೆ ಗಾಳಿ ಬರದಿದ್ದರೆ ಫ್ಯಾನ್ ಎಲ್ಲಿಂದ ಎಳೆಯಬೇಕು, ಅಲ್ವಾ? ಜಾಲರಿ ಹತ್ತಿರ ಪೇಪರಿನ ಹಾಳೆ ಹಿಡಿದು ನೋಡಿ. ಹಾಳೆ ಒಳಕ್ಕೆ ಬಾಗಿದರೆ ಗಾಳಿ ಬರುತ್ತಿದೆ ಎಂದು ಅರ್ಥ.

ನಿಜವಾದ ಕೊನೆ ಶುರುವಾದದ್ದು ಕಟಕಟ ಸದ್ದಿನಿಂದ. ಮೇನ್ ಸ್ವಿಚ್ ಆಫ್ ಮಾಡಿ ರೆಕ್ಕೆ ಹಿಡಿದು ಅಲ್ಲಾಡಿಸಿದೆ. ಹಿಂದೆ ಮುಂದೆ ಚೂರು ಆಡುವುದು ಸಹಜ. ನಮ್ಮದು ಅಡ್ಡಕ್ಕೂ ಆಡುತ್ತಿತ್ತು, ಅಂದರೆ ಬುಷ್ (ರೆಕ್ಕೆಯ ಶಾಫ್ಟ್, ಅಂದರೆ ಕಬ್ಬಿಣದ ಕಡ್ಡಿ, ತಿರುಗುವ ಲೋಹದ ಬಳೆ) ಸವೆದಿದೆ. ಹೊಸ ಬುಷ್ ಹಾಕಿಸಿದೆ. ನಾಲ್ಕೇ ತಿಂಗಳಲ್ಲಿ ಮತ್ತೆ ಅದೇ ಸದ್ದು! ಉಪ್ಪುಗಾಳಿಗೆ ತುಕ್ಕು ಹಿಡಿದು ಶಾಫ್ಟೇ ಸವೆದಿತ್ತು. ಶಾಫ್ಟ್ ಹೋದ ಮೇಲೆ ಎಷ್ಟು ಬುಷ್ ಹಾಕಿದರೂ ಸುಮ್ನೆ ದುಡ್ಡು ದಂಡ. ಆಗಲೇ ಬದಲಿಸಬೇಕಿತ್ತು. ನಾನು ಇನ್ನೊಂದು ಮಳೆಗಾಲ ಎಳೆದೆ.

2024ರ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್), ಜೋರು ಮಳೆ, ಅರ್ಧ ಗಂಟೆ ಓಡಿದ್ದಷ್ಟೇ. ಕೆಳಗಿನ ಕೋಣೆಗೂ ಸುಟ್ಟ ವಾರ್ನಿಶ್ ವಾಸನೆ ಬಂತು. ಆಫ್ ಮಾಡಿ ಮೇಲೆ ಹತ್ತಿದರೆ ಮೋಟಾರಿನ ಮೇಲೆ ಬೆರಳಿಡಲು ಆಗಲಿಲ್ಲ. ಪಕ್ಕದಲ್ಲೇ ಹಂಚು ಹೊರುವ ಒಣ ಮರದ ಪಕಾಸು, ಚಾಪೆ, ಕೊಬ್ಬರಿ ಚೀಲ. ನಿಜಕ್ಕೂ ಹೆದರಿದೆ. ಅಡುಗೆಮನೆಯ ಫ್ಯಾನ್ ಆದರೆ ಕಣ್ಣೆದುರೇ ಇರುತ್ತದೆ, ಅಟ್ಟದ್ದು ಯಾರಿಗೂ ಕಾಣುವುದಿಲ್ಲ. ಸುಟ್ಟ ವಾಸನೆ ಬಂದರೆ ರಿಪೇರಿಯ ಮಾತೇ ಬೇಡ, ಅವತ್ತೇ ವಯರ್ ಬಿಡಿಸಿಬಿಡಿ.

ಹೊಸದು ಅದೇ ಅಳತೆಯದ್ದು, ಬಾಲ್ ಬೇರಿಂಗ್ ಮೋಟಾರ್, ಪ್ಲಾಸ್ಟಿಕ್ ರೆಕ್ಕೆ. ಬೆಲೆ ಸ್ವಲ್ಪ ಜಾಸ್ತಿ, ಆದರೆ ನಮ್ಮ ಸವೆದ ಹಳೆಯದಕ್ಕಿಂತ ಸದ್ದು ಕಡಿಮೆ. ಒಂದು ಮಳೆಗಾಲ ಪೂರ್ತಿ ದಾಟಿದೆ, ರೆಕ್ಕೆ ಇನ್ನೂ ಅಡ್ಡಕ್ಕೆ ಆಡುತ್ತಿಲ್ಲ. ಹಾಕಿಸುವಾಗ ಸ್ಕ್ರೂಗಳನ್ನು ಮಾತ್ರ ಸ್ಟೇನ್‌ಲೆಸ್ ಸ್ಟೀಲಿನದ್ದೇ ಕೇಳಿ. ಹಳೆಯದರ ಸ್ಕ್ರೂ ತುಕ್ಕು ಹಿಡಿದು ಕೂತು, ಬಿಚ್ಚಲು ಗೋಡೆಯನ್ನೇ ಕೆತ್ತಬೇಕಾಯಿತು.