ಬೆಟ್ಟಾ ಮರಿಗಳ ಮೊದಲ ಆಹಾರ: ಯಾವುದು ಎಷ್ಟು ದಕ್ಕಿತು?

ಬೆಟ್ಟಾ ಎಂಬ ಅಕ್ವೇರಿಯಂ ಮೀನಿನ ಜೋಡಿಯಿಂದ ಮೊಟ್ಟೆ ಇಡಿಸುವುದು ಅಂದುಕೊಂಡಷ್ಟು ಕಷ್ಟವಲ್ಲ. ಗೇಣುದ್ದಕ್ಕಿಂತ ಕಡಿಮೆ ಆಳದ, 27–28 ಡಿಗ್ರಿ ಬೆಚ್ಚಗಿನ ನೀರು, ತೇಲಿಬಿಟ್ಟ ಒಂದು ಒಣ ಕಾಡುಬಾದಾಮಿ ಎಲೆ, ಹೊಟ್ಟೆ ತುಂಬ ಮೊಟ್ಟೆಯಿರುವ ಹೆಣ್ಣು ಇಷ್ಟಿದ್ದರೆ ಉಳಿದದ್ದನ್ನು ಗಂಡು ನೋಡಿಕೊಳ್ಳುತ್ತದೆ. ನೊರೆಗೂಡು ಕಟ್ಟುವುದೂ ಅದೇ, ಕೆಳಗೆ ಉದುರಿದ ಮೊಟ್ಟೆಗಳನ್ನು ಬಾಯಲ್ಲಿ ಆಯ್ದು ತಂದು ಗೂಡಿಗೆ ಸೇರಿಸುವುದೂ ಅದೇ. ಒಂದೆರಡು ದಿನದಲ್ಲಿ ಮರಿಗಳು ಗೂಡಿನ ಕೆಳಗೆ ಬಾಲ ಇಳಿಬಿಟ್ಟು ನೇತಾಡುತ್ತವೆ. ಮತ್ತೆರಡು ಮೂರು ದಿನಕ್ಕೆ ಅಡ್ಡಡ್ಡ ಈಜತೊಡಗುತ್ತವೆ. ಗಂಡನ್ನು ಅಲ್ಲಿಂದ ತೆಗೆಯಬೇಕಾದದ್ದೂ, ನಿಜವಾದ ಪರೀಕ್ಷೆ ಶುರುವಾಗುವುದೂ ಆಗಲೇ. ಹುಟ್ಟುವಾಗ ತಂದ ಹಳದಿ ಚೀಲ ಕರಗಿರುತ್ತದೆ, ಬಾಯಿ ಕಣ್ಣಿಗೆ ಕಾಣದಷ್ಟು ಚಿಕ್ಕದು, ಮಿಸುಕಾಡದ ಆಹಾರದತ್ತ ಹೆಚ್ಚಿನವು ತಿರುಗಿಯೂ ನೋಡುವುದಿಲ್ಲ.

ಮೊದಲ ಆಹಾರದ ವಿಷಯದಲ್ಲಿ ಮೀನು ಸಾಕುವವರು ತಲೆಗೊಂದು ಮಾತು ಹೇಳುತ್ತಾರೆ. ಆದ್ದರಿಂದ ಒಂದೇ ಜೋಡಿಯ, ಒಂದೇ ಸಲದ ಮರಿಗಳನ್ನು ಬೇರೆ ಬೇರೆ ಪ್ಲಾಸ್ಟಿಕ್ ಡಬ್ಬಿಗಳಿಗೆ ಹಂಚಿ, ಎಲ್ಲ ಡಬ್ಬಿಗಳನ್ನೂ ಹೀಟರ್ ಹಾಕಿದ ಒಂದೇ ತೊಟ್ಟಿಯಲ್ಲಿ ತೇಲಿಬಿಟ್ಟೆ. ನೀರು, ಬಿಸಿ ಎಲ್ಲಕ್ಕೂ ಸಮ. ಆಹಾರ ಮಾತ್ರ ಬೇರೆ.

ಬೇಯಿಸಿದ ಮೊಟ್ಟೆಯ ಹಳದಿಯ ಬಗ್ಗೆ ಎರಡೇ ಮಾತು ಸಾಕು. ಖರ್ಚಿಲ್ಲ, ಶ್ರಮವಿಲ್ಲ; ಆದರೆ ಬಟ್ಟೆಯಲ್ಲಿ ಸೋಸಿ ಒಂದು ಹನಿ ಬಿಟ್ಟರೂ ಸಂಜೆಯ ಹೊತ್ತಿಗೆ ನೀರು ಮಬ್ಬಾಗಿ ವಾಸನೆ ಹೊಡೆಯುತ್ತದೆ. ಥಾಯ್ಲೆಂಡಿನ ಸಾಕಣೆದಾರರು ಇದನ್ನು ಬಳಸುವುದುಂಟು. ಅವರಿಗೆ ದೊಡ್ಡ ತೊಟ್ಟಿಗಳಿವೆ, ಕೆಲವೇ ದಿನಗಳಲ್ಲಿ ಮರಿಗಳನ್ನು ಮೊಯಿನಾ ಎಂಬ ನೀರಿನ ಚಿಗಟಕ್ಕೆ ದಾಟಿಸಲು ಅನುಕೂಲವಿದೆ. ಬೆಂಗಳೂರಿನ ಫ್ಲ್ಯಾಟಿನ ಎರಡು ಲೀಟರ್ ಡಬ್ಬಿಗೆ ಆ ಲೆಕ್ಕ ಹೊಂದುವುದಿಲ್ಲ.

ಇನ್ಫ್ಯೂಸೋರಿಯಾ, ಅಂದರೆ ಬಾಳೆಹಣ್ಣಿನ ಸಿಪ್ಪೆಯನ್ನೋ ಎಲೆಕೋಸಿನ ಎಲೆಯನ್ನೋ ಹಳೆಯ ಅಕ್ವೇರಿಯಂ ನೀರಿನಲ್ಲಿ ಕೊಳೆಯಬಿಟ್ಟು ಬೆಳೆಸುವ ಸೂಕ್ಷ್ಮಜೀವಿಗಳು, ಅದಕ್ಕಿಂತ ಎಷ್ಟೋ ವಾಸಿ. ಮೊದಲು ಹಾಲಿನಂತೆ ಬೆಳ್ಳಗಾಗುವ ನೀರು ಕೆಲವು ದಿನಗಳ ಮೇಲೆ ತಿಳಿಯಾದಾಗ ಬಳಸಬಹುದು. ಅತಿ ಚಿಕ್ಕ ಮರಿಗಳ ಬಾಯಿಗೂ ಹಿಡಿಯುತ್ತದೆ. ತೊಂದರೆಯೆಂದರೆ, ಮರಿಗೆ ಎಷ್ಟು ಸಿಕ್ಕಿತು ಎಂಬುದು ಸೂಕ್ಷ್ಮದರ್ಶಕವಿಲ್ಲದೆ ತಿಳಿಯುವುದಿಲ್ಲ. ಈ ಡಬ್ಬಿಯ ಮರಿಗಳು ಬದುಕಿದವು, ಬೆಳೆಯಲಿಲ್ಲ.

ಮೈಕ್ರೋ ಹುಳುವನ್ನು ಸಾಕುವುದು ಎಲ್ಲಕ್ಕಿಂತ ಸುಲಭ. ಓಟ್ಸ್ ಗಂಜಿಯ ಮೇಲೆ ಚಿಟಿಕೆ ಯೀಸ್ಟ್ ಉದುರಿಸಿ, ಸ್ವಲ್ಪ ಹಳೆಯ ಹುಳು ಸೇರಿಸಿಟ್ಟರೆ ವಾರದೊಳಗೆ ಹುಳುಗಳು ಡಬ್ಬಿಯ ಗೋಡೆ ಹತ್ತುತ್ತವೆ. ಬೆರಳಲ್ಲಿ ಒರೆಸಿ ನೀರಿಗೆ ಅದ್ದಿದರಾಯಿತು. ಆದರೆ ಅವು ನೇರ ತಳಕ್ಕೆ ಇಳಿಯುತ್ತವೆ. ಮರಿಗಳು ಮೊದಲ ದಿನಗಳಲ್ಲಿ ಮೇಲೆಯೇ ಸುಳಿಯುತ್ತವೆ. ತಿನ್ನದೆ ಉಳಿದ ಹುಳು ಸತ್ತು ತಳದಲ್ಲಿ ಬೂದು ಪದರವಾಗುತ್ತದೆ. ಈ ಹುಳು ತಿಂದ ಮರಿಗಳಿಗೆ ಹೊಟ್ಟೆಯ ಕೆಳಗಿನ ರೆಕ್ಕೆಗಳು ಬೆಳೆಯುವುದಿಲ್ಲ ಎಂಬ ದೂರು ಹಳೆಯದು. ನನ್ನ ಡಬ್ಬಿಯಲ್ಲೂ ಅಂಥವು ಕೆಲವಿದ್ದವು. ಹುಳುವಿಗಿಂತ ಆ ಕೊಳೆತ ತಳದ ಮೇಲೆಯೇ ನನಗೆ ಅನುಮಾನ ಹೆಚ್ಚು.

ವಿನೆಗರ್ ಹುಳು ಇದಕ್ಕೆ ತದ್ವಿರುದ್ಧ. ಸೇಬಿನ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ, ಒಂದು ಸೇಬಿನ ಚೂರು, ಸ್ವಲ್ಪ ಹಳೆಯ ಹುಳು ಹಾಕಿಟ್ಟರೆ ತಿಂಗಳುಗಟ್ಟಲೆ ನೋಡುವ ಅಗತ್ಯವಿಲ್ಲ. ತೆಗೆಯುವ ಕೆಲಸದಲ್ಲಿ ಮಾತ್ರ ತಾಳ್ಮೆ ಬೇಕು: ಉದ್ದ ಕತ್ತಿನ ಬಾಟಲಿಗೆ ಕತ್ತಿನವರೆಗೆ ಈ ವಿನೆಗರ್ ತುಂಬಿ, ಫಿಲ್ಟರ್ ಹತ್ತಿ ತುರುಕಿ, ಮೇಲೆ ಶುದ್ಧ ನೀರು ಹಾಕಬೇಕು. ಬೆಳಿಗ್ಗೆ ನೋಡಿದರೆ ಹುಳುಗಳು ಗಾಳಿ ಹುಡುಕಿಕೊಂಡು ಹತ್ತಿಯನ್ನು ನುಸುಳಿ ಮೇಲಿನ ನೀರಿಗೆ ಬಂದು ಹೊಗೆಯಂತೆ ಹೊರಳಾಡುತ್ತಿರುತ್ತವೆ. ಸಿರಿಂಜಿನಲ್ಲಿ ಎಳೆದುಕೊಂಡರೆ ಮುಗಿಯಿತು. ಸಿಹಿನೀರಿನಲ್ಲಿ ಇವು ದಿನಗಟ್ಟಲೆ ಬದುಕುತ್ತವೆ, ಅದೂ ಮೇಲ್ಮೈ ಹತ್ತಿರವೇ. ನಾನು ಬೆಳಿಗ್ಗೆ ಹೋಗಿ ರಾತ್ರಿ ಬರುವವನು. ಆ ನಡುವಿನ ಹೊತ್ತಿಗೆಲ್ಲ ಮರಿಗಳ ಮುಂದೆ ಊಟ ಜೀವಂತ ಓಡಾಡುತ್ತಿತ್ತು. ಸತ್ತ ಮರಿಗಳು ಅತಿ ಕಡಿಮೆ ಸಿಕ್ಕಿದ್ದು ಈ ಡಬ್ಬಿಯಲ್ಲಿ.

ಬೆಳವಣಿಗೆಯಲ್ಲಿ ಮಾತ್ರ ಆರ್ಟೀಮಿಯಾ ಎಂಬ ಉಪ್ಪುನೀರಿನ ಪುಟ್ಟ ಸಿಗಡಿಯ ಮರಿಗಳಿಗೆ ಸಾಟಿಯಿಲ್ಲ. ತಳ ಕತ್ತರಿಸಿ ತಲೆಕೆಳಗು ಮಾಡಿದ ಬಾಟಲಿ, ಲೀಟರ್ ನೀರಿಗೆ 25 ಗ್ರಾಂ ಕಲ್ಲುಪ್ಪು, ಗಾಳಿ ಪಂಪು, ಚಿಟಿಕೆ ಮೊಟ್ಟೆ. 28 ಡಿಗ್ರಿಯಲ್ಲಿ 24 ಗಂಟೆಗೆ ಒಡೆಯುತ್ತವೆ. ಡಿಸೆಂಬರಿನ ಬೆಂಗಳೂರಿನಲ್ಲಿ ಬಿಸಿ ಕೊಡದಿದ್ದರೆ ಇನ್ನೊಂದು ದಿನ ಕಾಯಬೇಕು. ಪಂಪು ನಿಲ್ಲಿಸಿ ಬಾಟಲಿಯ ಕೆಳಭಾಗಕ್ಕೆ ಟಾರ್ಚ್ ಹಿಡಿದರೆ ಚಿಪ್ಪು ಮೇಲೆ ತೇಲಿ, ಕೇಸರಿ ಬಣ್ಣದ ಮರಿ ಸಿಗಡಿಗಳು ಬೆಳಕಿನತ್ತ ಇಳಿದು ಬರುತ್ತವೆ. ಬಟ್ಟೆಯಲ್ಲಿ ಸೋಸಿ, ಉಪ್ಪು ತೊಳೆದು ಬಿಡಬೇಕು. ಐದೇ ನಿಮಿಷದಲ್ಲಿ ಯಾವ ಮರಿ ತಿಂದಿದೆ, ಯಾವುದು ತಿಂದಿಲ್ಲ ಎಂಬುದು ಹೊರಗಿನಿಂದಲೇ ಕಾಣುತ್ತದೆ: ಗಾಜಿನಂಥ ಮೈಯೊಳಗೆ ಹೊಟ್ಟೆ ಮಾತ್ರ ಕಿತ್ತಳೆ ಚುಕ್ಕಿಯಾಗಿ ಉಬ್ಬಿರುತ್ತದೆ. ಬೇರೆ ಯಾವ ಆಹಾರವೂ ಈ ಖಾತ್ರಿ ಕೊಡುವುದಿಲ್ಲ. ಮೂರನೇ ವಾರಕ್ಕೆ ಈ ಮರಿಗಳು ಉಳಿದವುಗಳ ಅಣ್ಣಂದಿರಂತೆ ಕಂಡವು.

ಆದರೆ ಮೊಟ್ಟೆ ಡಬ್ಬಿ ದುಬಾರಿ, ಒಮ್ಮೆ ತೇವ ತಾಗಿದರೆ ದಂಡ. ಒಡೆದ ಸಿಗಡಿಯನ್ನು ಅಂದೇ ಬಳಸಬೇಕು, ತಡವಾದಷ್ಟೂ ಸತ್ವ ಇಳಿಯುತ್ತದೆ. ಸಿಹಿನೀರಿನಲ್ಲಿ ಕೆಲವು ಗಂಟೆಗಳಷ್ಟೇ ಬದುಕುತ್ತದೆ. ಹಗಲಲ್ಲಿ ಎರಡು ಮೂರು ಸಲ ಬಡಿಸುವವರು ಮನೆಯಲ್ಲಿಲ್ಲದಿದ್ದರೆ ಆರ್ಟೀಮಿಯಾವೊಂದನ್ನೇ ನಂಬಿ ಕೂರುವುದು ಜೂಜು. ಅದರ ಮರಿಗಳನ್ನು ನುಂಗಲಾಗದ ತೀರ ಚಿಕ್ಕ ಮರಿಗಳೂ ಪ್ರತಿ ಸಲ ಒಂದಷ್ಟು ಇರುತ್ತವೆ.

ಈಗ ನನ್ನ ಮನೆಯಲ್ಲಿ ಬೆಳಿಗ್ಗೆ, ರಾತ್ರಿ ಆರ್ಟೀಮಿಯಾ. ನಡುವಿನ ಹೊತ್ತಿಗೆ ವಿನೆಗರ್ ಹುಳು. ಮೈಕ್ರೋ ಹುಳುವಿನ ಡಬ್ಬಿಯನ್ನು ಆಪತ್ತಿಗಿರಲಿ ಎಂದು ಇಟ್ಟುಕೊಂಡಿದ್ದೇನೆ. ಇದೇ ದಾರಿ ಹಿಡಿಯುವವರು ಜೋಡಿ ಕೊಳ್ಳುವ ಮೊದಲೇ ವಿನೆಗರ್ ಬಾಟಲಿ ಹೂಡಬೇಕು. ಮೈಕ್ರೋ ಹುಳು ವಾರಕ್ಕೆ ಸಿಗುತ್ತದೆ, ಆರ್ಟೀಮಿಯಾ ದಿನಕ್ಕೆ; ವಿನೆಗರ್ ಹುಳು ಹುಲುಸಾಗಲು ಮೂರು ನಾಲ್ಕು ವಾರವಾದರೂ ಬೇಕು.