ಏಳು ವರ್ಷ ಎಸ್‌ವಿಜಿ ಜೊತೆ: ಸೇರಿಸುವುದು ಒಂದು ಸಾಲು, ಸಾಕುವುದು ನೂರು ಸಾಲು

ಗೆರೆ, ವೃತ್ತಗಳ ವಿವರಣೆಯಿಂದಲೇ ವೆಬ್ ಪುಟದಲ್ಲಿ ಚಿತ್ರ (ವೆಕ್ಟರ್ ಚಿತ್ರ) ಮೂಡಿಸುವ ಎಸ್‌ವಿಜಿಗೆ ಮೊದಲೇ ಅಂಕ ಕೊಟ್ಟುಬಿಡುತ್ತೇನೆ: 5ಕ್ಕೆ 4. ಒಂದು ಅಂಕ ಯಾಕೆ ಹೋಯಿತು ಎನ್ನುವುದು ಅಕ್ಷರಗಳ ವಿಷಯ ಬಂದಾಗ ತಿಳಿಯುತ್ತದೆ.

ನಾನು ನೋಡಿಕೊಳ್ಳುವ ವೆಬ್ ಅಪ್ಲಿಕೇಶನ್ ಸಭಾಂಗಣಗಳ ಆಸನ ನಕ್ಷೆ ಬಿಡಿಸಲು ಇರುವಂಥದ್ದು. ಬಳಸುವವರು ಖಾಲಿ ಹಾಳೆಯ ಮೇಲೆ ವೇದಿಕೆ ಇಡುತ್ತಾರೆ, ಕುರ್ಚಿಗಳ ಸಾಲು ಎಳೆಯುತ್ತಾರೆ, ಸಾಲನ್ನು ಬಾಗಿಸುತ್ತಾರೆ, ತಿರುಗಿಸುತ್ತಾರೆ, ಸಂಖ್ಯೆ ಹಾಕುತ್ತಾರೆ, ಕೊನೆಗೆ ಮುದ್ರಿಸಿಕೊಳ್ಳುತ್ತಾರೆ. ಪುಟ ತೆರೆದಾಗ ಅಲ್ಲಿ ಏನೂ ಇರುವುದಿಲ್ಲ. ಇರುವುದೆಲ್ಲ ಆಮೇಲೆ ಜಾವಾಸ್ಕ್ರಿಪ್ಟ್ ಮೂಲಕ ಹುಟ್ಟಿಕೊಳ್ಳಬೇಕು. ಇದಕ್ಕೆ ಬ್ರೌಸರಿನೊಳಗೇ ಇರುವ ಎಸ್‌ವಿಜಿಯನ್ನು ಏಳು ವರ್ಷಗಳಿಂದ ಬಳಸುತ್ತಿದ್ದೇನೆ. ಮೊದಲ ವರ್ಷ ಬರಿಗೈಯಲ್ಲಿ, ನಂತರ ಎಸ್‌ವಿಜಿ ಡಾಟ್ ಜೆಎಸ್ ಎಂಬ ಲೈಬ್ರರಿ (ಸಿದ್ಧ ಕೋಡಿನ ಕಟ್ಟು) ಹಿಡಿದು, ಈಗ ಎರಡನ್ನೂ ಬೆರೆಸಿ.

ಶುರುವಿನಲ್ಲೇ ಅರ್ಧ ದಿನ ತಿಂದ ತಪ್ಪೊಂದನ್ನು ಹೇಳಬೇಕು, ಯಾಕೆಂದರೆ ಹೊಸಬರೆಲ್ಲ ಇದಕ್ಕೇ ಎಡವುವುದನ್ನು ನೋಡಿದ್ದೇನೆ. ಡಿವ್ ಎಂಬ ಸಾದಾ ಎಚ್‌ಟಿಎಂಎಲ್ ಡಬ್ಬಿಯನ್ನು ಹುಟ್ಟಿಸುವ ಹಾಗೆಯೇ ಕ್ರಿಯೇಟ್‌ಎಲಿಮೆಂಟ್ ಕರೆದು ಒಂದು ಸರ್ಕಲ್ ಹುಟ್ಟಿಸಿದೆ, ಎಸ್‌ವಿಜಿಯೊಳಗೆ ಸೇರಿಸಿದೆ. ಪರದೆ ಖಾಲಿ. ಡೆವಲಪರ್ ಟೂಲ್ಸ್ ತೆರೆದರೆ ಸರ್ಕಲ್ ಇದೆ, ತ್ರಿಜ್ಯ ಇದೆ, ಬಣ್ಣವೂ ಇದೆ, ಎರರ್ ಮಾತ್ರ ಒಂದೂ ಇಲ್ಲ. ಬ್ರೌಸರ್ ಅದನ್ನು 'ಗುರುತಿಲ್ಲದ ಎಚ್‌ಟಿಎಂಎಲ್ ಟ್ಯಾಗ್' ಎಂದು ಲೆಕ್ಕಕ್ಕೆ ತೆಗೆದುಕೊಂಡಿತ್ತು. ಹೆಸರು ಅದೇ, ಮನೆತನ ಬೇರೆ. ಕ್ರಿಯೇಟ್‌ಎಲಿಮೆಂಟ್‌ಎನ್‌ಎಸ್ ಬಳಸಿ ಎಸ್‌ವಿಜಿಯ ನೇಮ್‌ಸ್ಪೇಸ್ (ಟ್ಯಾಗಿನ ಮನೆತನದ ಗುರುತು) ಹೇಳಿದರೆ ಮಾತ್ರ ಅದು ನಿಜವಾದ ವೃತ್ತವಾಗುತ್ತದೆ. ಇದರ ತಮ್ಮನಂಥ ಇನ್ನೊಂದು ತಪ್ಪು, ಚಿತ್ರದ ಯಾವ ಭಾಗ ಕಾಣಬೇಕೆಂದು ಹೇಳುವ ವ್ಯೂಬಾಕ್ಸ್‌ನದು: ಆ ಹೆಸರಿನ ನಡುವಿನ 'ಬಿ' ದೊಡ್ಡಕ್ಷರವೇ ಆಗಿರಬೇಕು. ನೇರವಾಗಿ ಎಚ್‌ಟಿಎಂಎಲ್‌ನಲ್ಲಿ ಚಿಕ್ಕಕ್ಷರ ಬರೆದರೆ ಪಾರ್ಸರ್ (ಬ್ರೌಸರಿನ ಪುಟ ಓದುವ ಭಾಗ) ಪಾಪ ಅಂದುಕೊಂಡು ತಿದ್ದಿಕೊಳ್ಳುತ್ತದೆ. ಸೆಟ್‌ಅಟ್ರಿಬ್ಯೂಟ್‌ನಿಂದ ಬರೆದರೆ ಯಾರೂ ತಿದ್ದುವುದಿಲ್ಲ, ಸುಮ್ಮನೆ ಕೆಲಸ ಮಾಡುವುದಿಲ್ಲ.

ಅದು ದಾಟಿದ ಮೇಲೆ ಎಸ್‌ವಿಜಿ ಮನಸ್ಸು ಗೆಲ್ಲುತ್ತದೆ. ಬಿಡಿಸಿದ ಪ್ರತಿ ಆಕೃತಿಯೂ ಡಾಮ್‌ನಲ್ಲಿ, ಎಂದರೆ ಬ್ರೌಸರ್ ಇಟ್ಟುಕೊಳ್ಳುವ ಪುಟದ ಭಾಗಗಳ ಮರದಲ್ಲಿ, ಒಂದು ಎಲಿಮೆಂಟ್. ಕುರ್ಚಿಗೆ ಕ್ಲಾಸ್ ಕೊಡಬಹುದು, ಸಿಎಸ್ಎಸ್‌ನಿಂದ ಬಣ್ಣ ಬದಲಿಸಬಹುದು, ಮೌಸ್ ಅದರ ಮೇಲೆ ಬಂದಿತೇ ಎಂದು ಕೇಳಬಹುದು. ಬ್ರೌಸರಿನ ಇನ್ನೊಂದು ಚಿತ್ರ ಸಾಧನವಾದ ಕ್ಯಾನ್ವಾಸಿನಲ್ಲಿ ಬಿಡಿಸಿದ್ದು ಬಿಡಿಸಿದ ಕ್ಷಣವೇ ಬರೀ ಪಿಕ್ಸೆಲ್; ಅಲ್ಲಿ 'ಹದಿನೇಳನೇ ಕುರ್ಚಿ' ಎನ್ನುವುದೊಂದು ಇರುವುದೇ ಇಲ್ಲ, ನಾವೇ ಲೆಕ್ಕ ಇಟ್ಟುಕೊಳ್ಳಬೇಕು. ಜೂಮ್ ಮಾಡುವುದೆಂದರೆ ವ್ಯೂಬಾಕ್ಸಿನ ನಾಲ್ಕು ಸಂಖ್ಯೆ ಬದಲಿಸುವುದು, ಅಷ್ಟೇ. ಎಷ್ಟು ಹಿಗ್ಗಿಸಿದರೂ ಅಂಚು ಚೊಕ್ಕ. ಹಿಗ್ಗಿಸಿದಾಗ ಗೆರೆಯೂ ದಪ್ಪವಾಗುತ್ತದಲ್ಲ ಎಂದರೆ, ಗೆರೆಯ ದಪ್ಪ ಜೂಮ್ ಜೊತೆ ಬದಲಾಗದಂತೆ ತಡೆಯುವ ವೆಕ್ಟರ್ ಎಫೆಕ್ಟ್ ಎಂಬ ಗುಣವಿದೆ. ನಾನು ಎರಡು ವರ್ಷ ಅದನ್ನು ತಿಳಿಯದೆ ಪ್ರತಿ ಜೂಮಿಗೂ ಗೆರೆಯ ದಪ್ಪ ಭಾಗಿಸುತ್ತ ಕೂತಿದ್ದೆ.

ಮೌಸ್ ಬಗ್ಗೆ ಒಂದು ಮಾತು. ಕ್ಲಿಕ್ ಆದ ಜಾಗ ಪರದೆಯ ಪಿಕ್ಸೆಲ್‌ನಲ್ಲಿ ಬರುತ್ತದೆ, ಕುರ್ಚಿ ಇಡಬೇಕಾದದ್ದು ನಕ್ಷೆಯ ಅಳತೆಯಲ್ಲಿ. ಸ್ಕ್ರೋಲ್ ಎಷ್ಟು, ಜೂಮ್ ಎಷ್ಟು ಎಂದು ನಾನೇ ಕೂಡಿ ಕಳೆದು ಮಾಡಿದ್ದ ಲೆಕ್ಕ, ಸಾಲನ್ನು ತಿರುಗಿಸಿದ ತಕ್ಷಣ ಕುಸಿದುಬಿತ್ತು. ಗೆಟ್‌ಸ್ಕ್ರೀನ್‌ಸಿಟಿಎಂ ಎಂಬ ಕರೆ ಕೊಡುವ, ನಕ್ಷೆಯ ಅಳತೆಯನ್ನು ಪರದೆಯ ಅಳತೆಗೆ ಬದಲಿಸುವ ಮ್ಯಾಟ್ರಿಕ್ಸನ್ನು ವಿಲೋಮ ಮಾಡಿ ಬಿಂದುವಿಗೆ ಗುಣಿಸಿದರೆ ಎಲ್ಲವೂ ಒಂದೇ ಏಟಿಗೆ ಸರಿಹೋಗುತ್ತದೆ. ಈ ಎರಡು ಸಾಲು ಏಳು ವರ್ಷದಲ್ಲಿ ಒಮ್ಮೆಯೂ ಕೈ ಕೊಟ್ಟಿಲ್ಲ.

ಇನ್ನು ಮೇಲೆ ಕೆಳಗೆ ಎನ್ನುವ ತಕರಾರು. ಯಾವುದು ಮೇಲೆ ಎಂದು ಸಿಎಸ್ಎಸ್‌ನಲ್ಲಿ ಹೇಳುವ ಝಡ್ ಇಂಡೆಕ್ಸ್ ಇಲ್ಲಿ ನಡೆಯುವುದಿಲ್ಲ. ಡಾಮ್‌ನಲ್ಲಿ ಯಾರು ಕೊನೆಗೆ ಬಂದರೋ ಅವರು ಮೇಲೆ. ಆರಿಸಿದ ಕುರ್ಚಿಯನ್ನು ಮುಂದೆ ತರಬೇಕೆಂದರೆ ಅದನ್ನೇ ಮತ್ತೆ ಕೊನೆಗೆ ಸೇರಿಸಬೇಕು. ಹಾಗೆ ಮಾಡಿ, ಕುರ್ಚಿಗಳ ಮೂಲ ಕ್ರಮ ಕಲಸಿಹೋಗಿ, ಮುದ್ರಣದಲ್ಲಿ ಸಂಖ್ಯೆಗಳು ಹಿಂದೆ ಮುಂದೆ ಆದವು. ಈಗ ಮೂರು ಗುಂಪು ಇಟ್ಟಿದ್ದೇನೆ: ಕೆಳಗೆ ನೆಲ, ನಡುವೆ ಕುರ್ಚಿ, ಮೇಲೆ ಆಯ್ಕೆಯ ಚೌಕಟ್ಟು. ಕುರ್ಚಿ ತನ್ನ ಜಾಗ ಬಿಟ್ಟು ಕದಲುವುದಿಲ್ಲ. ಚೌಕಟ್ಟು ಮಾತ್ರ ಮೇಲಿನ ಗುಂಪಿನಲ್ಲಿ ಓಡಾಡುತ್ತದೆ.

ಈ ವಿಮರ್ಶೆಯ ಹೂರಣ ಇರುವುದು ಇಲ್ಲಿ. 'ಡೈನಾಮಿಕ್ ಆಗಿ ವೆಕ್ಟರ್ ಚಿತ್ರ ಸೇರಿಸುವುದು ಹೇಗೆ' ಎಂದು ಕೇಳುವವರಿಗೆ ಸೇರಿಸುವುದೇ ಸಮಸ್ಯೆ ಅನ್ನಿಸುತ್ತದೆ. ನನಗೂ ಅನ್ನಿಸಿತ್ತು. ಸೇರಿಸಿದ್ದನ್ನು ಮುಂದೆ ಸಾಕುವುದು ದೊಡ್ಡ ಕೆಲಸ. ಮೊದಲ ವರ್ಷ ನಾನು ಡಾಮನ್ನೇ ಉಗ್ರಾಣ ಮಾಡಿಕೊಂಡಿದ್ದೆ. ಕುರ್ಚಿ ಎಲ್ಲಿದೆ? ಅಟ್ರಿಬ್ಯೂಟ್ ಓದು. ಎಷ್ಟು ತಿರುಗಿದೆ? ಟ್ರಾನ್ಸ್‌ಫಾರ್ಮ್ ಸ್ಟ್ರಿಂಗನ್ನು ಕತ್ತರಿಸಿ ನೋಡು. ಅನ್‌ಡೂ ಬೇಕು ಎಂದು ಬಳಕೆದಾರರು ಕೇಳಿದ ದಿನ ಈ ಸೌಧ ನೆಲಕ್ಕೆ ಬಂತು. ಅಳಿಸಿದ ಸಾಲನ್ನು ವಾಪಸ್ ತಂದರೆ ಅದಕ್ಕೆ ಅಂಟಿದ್ದ ಲಿಸನರ್‌ಗಳು (ಕ್ಲಿಕ್‌ಗೆ ಕಿವಿಗೊಡುವ ಕೋಡ್) ಎರಡೆರಡು ಬಾರಿ ಓಡುತ್ತಿದ್ದವು. ಸಾಲು ಅಳಿಸಿದರೂ ಅದರ ಗ್ರೇಡಿಯೆಂಟ್ (ಬಣ್ಣದ ಇಳಿಜಾರು), ಅದರ ಕ್ಲಿಪ್‌ಪಾತ್ (ಕತ್ತರಿಸುವ ಅಚ್ಚು) ಡೆಫ್ಸ್ ಎಂಬ ಕಾಣದ ಕಪಾಟಿನೊಳಗೆ ಅನಾಥವಾಗಿ ಉಳಿಯುತ್ತಿದ್ದವು. ಹಳೆಯ ನಕ್ಷೆಯೊಂದನ್ನು ತೆರೆದು ನೋಡಿದಾಗ ಕಾಣುವ ಆಕೃತಿಗಿಂತ ಕಾಣದ ಕಸವೇ ಹೆಚ್ಚಿತ್ತು. ತಪ್ಪು ಎಸ್‌ವಿಜಿಯದಲ್ಲ, ನನ್ನದೇ.

ಈಗ ನಕ್ಷೆಯ ನಿಜವಾದ ಪ್ರತಿ ಸಾದಾ ಆಬ್ಜೆಕ್ಟಿನಲ್ಲಿ ಇರುತ್ತದೆ: ಸಾಲು, ಕೋನ, ಕುರ್ಚಿಗಳ ಸಂಖ್ಯೆ. ಎಸ್‌ವಿಜಿ ಅದರ ನೆರಳು ಮಾತ್ರ. ಅನ್‌ಡೂ ಎಂದರೆ ಹಿಂದಿನ ಆಬ್ಜೆಕ್ಟಿಗೆ ಮರಳಿ ಬದಲಾದಷ್ಟನ್ನೇ ತಿದ್ದುವುದು. ಲಿಸನರ್ ಕುರ್ಚಿಗೊಂದಲ್ಲ, ಇಡೀ ನಕ್ಷೆಗೆ ಒಂದೇ. ಕ್ಲಿಕ್ ಯಾವ ಕುರ್ಚಿಯಿಂದ ಬಂತು ಎಂದು ಅದು ನೋಡಿಕೊಳ್ಳುತ್ತದೆ. ಇದೇ ಬುದ್ಧಿ ಮೊದಲ ದಿನ ಇದ್ದಿದ್ದರೆ ಒಂದು ವರ್ಷ ಉಳಿಯುತ್ತಿತ್ತು.

ಲೈಬ್ರರಿಯ ಮಾತಿಗೆ ಬರೋಣ. ಎಸ್‌ವಿಜಿ ಡಾಟ್ ಜೆಎಸ್ ಚಿಕ್ಕದು, ಬೇರೆ ಯಾವುದನ್ನೂ ಬೆನ್ನಿಗೆ ಕಟ್ಟಿಕೊಂಡು ಬರುವುದಿಲ್ಲ, ಮುಕ್ತವಾಗಿ ಬಳಸಲು ಬಿಡುವ ಎಂಐಟಿ ಲೈಸೆನ್ಸಿನಲ್ಲಿದೆ. ನೇಮ್‌ಸ್ಪೇಸ್ ಎಂಬ ಪದವನ್ನೇ ಮರೆಯಬಹುದು. ಚೌಕ ಬಿಡಿಸು, ಬಣ್ಣ ಹಾಕು, ಸರಿಸು, ತಿರುಗಿಸು ಎಂದು ಒಂದರ ಹಿಂದೆ ಒಂದು ಪೋಣಿಸಿ ಬರೆಯಬಹುದು. ಆರು ತಿಂಗಳ ನಂತರ ಓದಿದರೂ ಅರ್ಥವಾಗುತ್ತದೆ. ಡ್ರ್ಯಾಗ್, ಜೂಮ್, ಫಿಲ್ಟರ್‌ಗಳಿಗೆ ಬೇರೆ ಬೇರೆ ಪ್ಲಗಿನ್ ಇವೆ. ಎರಡನೇ ಆವೃತ್ತಿಯಿಂದ ಮೂರಕ್ಕೆ ಬರುವಾಗ ಚಿತ್ರ ಶುರುಮಾಡುವ ಕರೆಯೇ ಬದಲಾಗಿದೆ, ಆನಿಮೇಶನ್ ಭಾಗವನ್ನು ಹೊಸದಾಗಿ ಬರೆದಿದ್ದಾರೆ. ಹಳೆಯ ಕೋಡ್ ಇರುವವರು ಒಂದು ವಾರ ಮೀಸಲಿಡಿ. ಒಂದು ಸೂಕ್ಷ್ಮ ಗೊತ್ತಿರಲಿ: ಅಕ್ಷರವನ್ನು ಮೂವ್ ಮಾಡಿದಾಗ ಅದು ಪ್ರತಿ ಬಾರಿಯೂ ಅಕ್ಷರದ ಹೊರಚೌಕ ಅಳೆಯುತ್ತದೆ. ಹತ್ತು ಅಕ್ಷರಕ್ಕೆ ಇದು ಲೆಕ್ಕಕ್ಕಿಲ್ಲ, ಸಾವಿರಕ್ಕೆ ಲೆಕ್ಕವುಂಟು. ಅಳೆಯದೆ ಸರಿಸಲು ಎಮೂವ್ ಎಂಬ ಬೇರೆ ಕರೆಯನ್ನು ಅವರೇ ಕೊಟ್ಟಿದ್ದಾರೆ. ದಾಖಲೆ ಓದದೆ ಕೋಡ್ ಬರೆಯುವ ನನ್ನಂಥವರಿಗೆ ಅದು ತಡವಾಗಿ ಸಿಗುತ್ತದೆ.

ಚಾರ್ಟು, ಗ್ರಾಫು ಬೇಕಾದವರು ಡಿ3 ಎಂಬ ಲೈಬ್ರರಿ ಕಡೆ ಹೋಗುವುದು ಮೇಲು. ದತ್ತಾಂಶ ಬದಲಾದಾಗ ಯಾವ ಎಲಿಮೆಂಟ್ ಹೊಸದು, ಯಾವುದು ಹಳೆಯದು, ಯಾವುದು ಹೋಗಬೇಕು ಎಂಬ ಸಾಕುವ ಕೆಲಸವನ್ನು ಅದು 2011ರಿಂದಲೂ ತಲೆಯ ಮೇಲೆ ಹೊತ್ತಿದೆ.

ವೇಗ? 3000 ಕುರ್ಚಿಯ ಸಭಾಂಗಣ ಬಂದಾಗ ಗೊತ್ತಾಯಿತು. ಕುರ್ಚಿಗೊಂದು ಗುಂಪು, ಅದರೊಳಗೆ ವೃತ್ತ, ಸಂಖ್ಯೆ: 9000 ಎಲಿಮೆಂಟ್. ಡ್ರ್ಯಾಗ್ ಮಾಡಿದರೆ ಸಾಲು ಮೌಸಿನ ಹಿಂದೆ ತೂಕಡಿಸುತ್ತ ಬರುತ್ತಿತ್ತು. ಕಾರಣ ಎಲಿಮೆಂಟುಗಳ ಸಂಖ್ಯೆಗಿಂತ ನನ್ನ ಲೂಪ್. ಒಂದು ಕುರ್ಚಿಯ ಗೆಟ್‌ಬಿಬಾಕ್ಸ್ (ಹೊರಚೌಕದ ಅಳತೆ) ಓದು, ಅಟ್ರಿಬ್ಯೂಟ್ ಬರೆ, ಮುಂದಿನದನ್ನು ಓದು, ಬರೆ. ಪ್ರತಿ ಬರೆತದ ನಂತರ ಓದಲು ಹೋದಾಗ ಬ್ರೌಸರ್ ಇಡೀ ಲೇಔಟನ್ನು ಮತ್ತೆ ಲೆಕ್ಕ ಹಾಕುತ್ತಿತ್ತು. ಓದುವುದೆಲ್ಲ ಮೊದಲು, ಬರೆಯುವುದೆಲ್ಲ ಆಮೇಲೆ ಎಂದು ಬೇರ್ಪಡಿಸಿದೆ. ಡ್ರ್ಯಾಗಿನಲ್ಲಿ ಒಂದೊಂದು ಕುರ್ಚಿಯ ಬದಲು ಸಾಲಿನ ಗುಂಪಿಗೆ ಮಾತ್ರ ಟ್ರಾನ್ಸ್‌ಫಾರ್ಮ್ ಹಾಕಿದೆ. ದೂರದಿಂದ ನೋಡುವಾಗ ಹೇಗೂ ಓದಲಾಗದ ಸಂಖ್ಯೆಗಳನ್ನು ಅಡಗಿಸಿದೆ. ಹಳೆಯ ಲ್ಯಾಪ್‌ಟಾಪಿನಲ್ಲೂ ನಡೆಯುವಷ್ಟು ಹಗುರವಾಯಿತು. ಹತ್ತಾರು ಸಾವಿರ ಚುಕ್ಕಿಗಳು ಒಂದೇ ಸಮನೆ ಚಲಿಸಬೇಕು ಎನ್ನುವವರು ಮಾತ್ರ ಎಸ್‌ವಿಜಿಯ ಮೋಹ ಬಿಟ್ಟು ಕ್ಯಾನ್ವಾಸ್ ಅಥವಾ ಗ್ರಾಫಿಕ್ಸ್ ಚಿಪ್‌ನಿಂದ ಬಿಡಿಸುವ ವೆಬ್‌ಜಿಎಲ್ ಹಿಡಿಯಿರಿ.

ಹೋದ ಆ ಒಂದು ಅಂಕ ಅಕ್ಷರಗಳ ಲೆಕ್ಕಕ್ಕೆ. ಎಸ್‌ವಿಜಿಯ ಟೆಕ್ಸ್ಟ್ ತಾನಾಗಿ ಸಾಲು ಮುರಿಯುವುದಿಲ್ಲ. ಉದ್ದದ ಹೆಸರು ಬಂದರೆ ಚೌಕದಾಚೆ ನುಗ್ಗಿ ಪಕ್ಕದ ಸಾಲಿನ ಮೇಲೆ ಮಲಗುತ್ತದೆ. ಪದಗಳನ್ನು ಅಳೆದು ಟಿಸ್ಪ್ಯಾನ್ ಎಂಬ ತುಂಡುಗಳಾಗಿ ಒಡೆಯುವ ಕೆಲಸ ನಮ್ಮದು. ಅಳೆಯುವಾಗ ವೆಬ್‌ಫಾಂಟ್ ಇನ್ನೂ ಇಳಿದಿರದಿದ್ದರೆ ಬೇರೊಂದು ಫಾಂಟಿನ ಅಗಲ ಸಿಗುತ್ತದೆ, ಎಲ್ಲ ಲೆಕ್ಕ ತಪ್ಪು. ಫಾಂಟುಗಳು ಸಿದ್ಧವೆಂದು ಬ್ರೌಸರ್ ಹೇಳುವವರೆಗೆ ಕಾಯಲೇಬೇಕು.

ಕನ್ನಡಕ್ಕೆ ಬಂದರೆ ಇನ್ನೊಂದು ಸುತ್ತು. ಬಾಗಿದ ಗೋಡೆಯ ಉದ್ದಕ್ಕೂ 'ಪ್ರವೇಶ' ಎಂದು ಬರೆಯಬೇಕಿತ್ತು. ಇಂಗ್ಲಿಷಿಗೆಂದು ಬರೆದಿದ್ದ ಹಳೆಯ ಕೋಡ್ ಒಂದೊಂದು ಅಕ್ಷರ ಬಿಡಿಸಿ, ಒಂದೊಂದನ್ನೂ ಸ್ವಲ್ಪ ತಿರುಗಿಸಿ ಇಡುತ್ತಿತ್ತು. ನಮ್ಮ ಕಣ್ಣಿಗೆ 'ಪ್ರವೇಶ' ಮೂರು ಅಕ್ಷರ. ಜಾವಾಸ್ಕ್ರಿಪ್ಟ್ ಎಣಿಸಿದರೆ 6. ಹಲಂತ ಚಿಹ್ನೆ ಒಂದು ಕಡೆ, ರ ಒಂದು ಕಡೆ, ಏತ್ವ ಚುಕ್ಕಿಗಳಿಂದಾದ ವೃತ್ತಕ್ಕೆ ನೇತುಬಿದ್ದು ಇನ್ನೊಂದು ಕಡೆ. ಒತ್ತಕ್ಷರ ಮೂಡುವುದು ಇಡೀ ಗುಚ್ಛ ಒಟ್ಟಿಗೆ ಫಾಂಟ್ ಎಂಜಿನ್ ಕೈಗೆ ಸಿಕ್ಕಾಗ. ಮೊದಲೇ ಹರಿದು ಹಂಚಿದರೆ ಕೂಡಿಸುವವರಾರು? ಉಪಾಯ ಎಸ್‌ವಿಜಿಯೊಳಗೇ ಇತ್ತು. ಟೆಕ್ಸ್ಟ್‌ಪಾತ್‌ಗೆ ಇಡೀ ಪದ ಕೊಟ್ಟು ಬಾಗಿದ ಗೆರೆ ತೋರಿಸಿದರೆ ಅದೇ ಗುಚ್ಛಗಳನ್ನು ಒಡೆಯದೆ ಜೋಡಿಸುತ್ತದೆ. ಕನ್ನಡ ಪಠ್ಯ ಇರುವ ಕಡೆ ಅಕ್ಷರ ಬಿಡಿಸುವ ಆನಿಮೇಶನ್, ಅಕ್ಷರ ಬಿಡಿಸುವ ಪ್ಲಗಿನ್ ಯಾವುದನ್ನೂ ಪರೀಕ್ಷಿಸದೆ ಒಳಗೆ ಬಿಟ್ಟುಕೊಳ್ಳಬೇಡಿ.

ಫಾರಿನ್‌ಆಬ್ಜೆಕ್ಟ್ ಎಂಬ ಕಿಟಕಿ ತೆರೆದು ಒಳಗೆ ಸಾದಾ ಎಚ್‌ಟಿಎಂಎಲ್ ಇಟ್ಟರೆ ಸಾಲು ತಾನೇ ಮುರಿಯುತ್ತದೆ, ನಿಜ. ಅದೇ ಫೈಲನ್ನು ಇಳಿಸಿಕೊಂಡು ಬ್ರೌಸರಿನ ಹೊರಗಿನ ಚಿತ್ರ ತಂತ್ರಾಂಶದಲ್ಲಿ ತೆರೆದಾಗ ಆ ಜಾಗ ಖಾಲಿ ಕಾಣುವ ಸಾಧ್ಯತೆಯೇ ಹೆಚ್ಚು. ನನ್ನ ಬಳಕೆದಾರರು ನಕ್ಷೆಯನ್ನು ಹೊರಗೆ ಒಯ್ಯುವವರು, ಹಾಗಾಗಿ ನನಗೆ ಆಗಲಿಲ್ಲ.

ಹೊರಗೆ ಒಯ್ಯುವುದು ಎಂದಾಗ: ನಕ್ಷೆಯನ್ನು ಸೀರಿಯಲೈಸ್ ಮಾಡಿ (ಪಠ್ಯವಾಗಿ ಬರೆದು), ಇಮೇಜ್ ಆಗಿ ಲೋಡ್ ಮಾಡಿ, ಕ್ಯಾನ್ವಾಸಿನ ಮೇಲೆ ಬಿಡಿಸಿ ಪಿಎನ್‌ಜಿ ತೆಗೆಯುವ ದಾರಿ ಎಲ್ಲರಿಗೂ ಗೊತ್ತು. ಪುಟದ ಸಿಎಸ್ಎಸ್ ಮತ್ತು ವೆಬ್‌ಫಾಂಟ್ ಜೊತೆಗೆ ಬರುವುದಿಲ್ಲ ಎನ್ನುವುದು ಮೊದಲ ಕಪ್ಪು ಚಿತ್ರ ನೋಡಿದಾಗ ಗೊತ್ತಾಗುತ್ತದೆ. ಎರಡನ್ನೂ ಎಸ್‌ವಿಜಿಯೊಳಗೇ ತುಂಬಿ ಕಳಿಸಬೇಕು. ಮೂಲ ಎಲಿಮೆಂಟಿಗೆ ಅಗಲ, ಎತ್ತರ ಕೊಟ್ಟೇ ಕೊಡಿ.

ಬಳಕೆದಾರರು ತಮ್ಮ ಲೋಗೋ ಎಸ್‌ವಿಜಿಯನ್ನು ಅಪ್‌ಲೋಡ್ ಮಾಡುವ ಸೌಲಭ್ಯ ಕೊಟ್ಟ ಮೇಲೆ ಎರಡು ಪಾಠ ಆದವು. ಒಂದು, ಎರಡು ಲೋಗೋಗಳ ಒಳಗೂ 'ಎ' ಎಂಬ ಐಡಿಯ ಗ್ರೇಡಿಯೆಂಟ್ ಇದ್ದು, ಎರಡನೆಯದು ಮೊದಲನೆಯದರ ಬಣ್ಣ ಹಾಕಿಕೊಂಡು ಕೂತಿತ್ತು. ಒಳಗೆ ಬರುವ ಪ್ರತಿ ಐಡಿಗೂ ಮುಂದೆ ಒಂದು ಗುರುತು ಅಂಟಿಸುವುದೇ ಮದ್ದು. ಇನ್ನೊಂದು ಗಂಭೀರ: ಎಸ್‌ವಿಜಿ ಬರೀ ಚಿತ್ರವಲ್ಲ, ಅದರೊಳಗೆ ಸ್ಕ್ರಿಪ್ಟ್ ಇರಬಹುದು. ಇನ್ನರ್‌ಎಚ್‌ಟಿಎಂಎಲ್‌ನಿಂದ ಹಾಕಿದ ಸ್ಕ್ರಿಪ್ಟ್ ಟ್ಯಾಗ್ ಓಡುವುದಿಲ್ಲ ಎಂದು ನೆಮ್ಮದಿಯಿಂದ ಇರಬೇಡಿ, ಆನ್‌ಎರರ್‌ನಂಥ ಅಟ್ರಿಬ್ಯೂಟ್ ಓಡುತ್ತದೆ. ಬಣ್ಣ ಬದಲಿಸುವ ಅಗತ್ಯ ಇಲ್ಲದಿದ್ದರೆ ಇಮೇಜ್ ಟ್ಯಾಗಿನಲ್ಲೇ ತೋರಿಸಿ, ಅಲ್ಲಿ ಸ್ಕ್ರಿಪ್ಟ್ ನಡೆಯುವುದಿಲ್ಲ. ಒಳಗೇ ಬೇಕೆಂದರೆ ಡಾಮ್‌ಪ್ಯೂರಿಫೈಯಂಥ ಜರಡಿಯಲ್ಲಿ ಹಾಯಿಸಿ.

ಇಷ್ಟೆಲ್ಲ ದೂರಿದರೂ ಬಿಡಲಾಗದ ಕಾರಣವೂ ಇದೆ. 2001ರಲ್ಲಿ ವೆಬ್ ಮಾನದಂಡವಾಗಿ ಶಿಫಾರಸಾದ ಈ ಮಾದರಿಯನ್ನು ಇಂಟರ್ನೆಟ್ ಎಕ್ಸ್‌ಪ್ಲೋರರ್ ಒಪ್ಪಿಕೊಂಡದ್ದು 2011ರಲ್ಲಿ, ಒಂಬತ್ತನೇ ಆವೃತ್ತಿಯಲ್ಲಿ. ಆ ನಡುವೆ ಬ್ರೌಸರಿಗೆ ಪ್ಲಗಿನ್ ಹಾಕಿ, ಇಲ್ಲವೇ ರಾಫೆಲ್‌ನಂಥ ಲೈಬ್ರರಿಯಿಂದ ಅದೇ ಎಕ್ಸ್‌ಪ್ಲೋರರಿನ ಹಳೆಯ ಚಿತ್ರ ಮಾದರಿಯಾದ ವಿಎಂಎಲ್‌ಗೆ ಅನುವಾದಿಸಿ ಜನ ದಿನ ದೂಡಿದ್ದಾರೆ. ಈಗ ಅದೇನೂ ಬೇಡ. ನನ್ನ ಮೊದಲ ವರ್ಷದ ನಕ್ಷೆ, ಆ ಕಸದ ರಾಶಿಯ ಸಮೇತ, ಇವತ್ತಿನ ಬ್ರೌಸರಿನಲ್ಲಿ ಒಂದು ಗೆರೆಯೂ ಕದಲದೆ ತೆರೆದುಕೊಳ್ಳುತ್ತದೆ.

ಈ ವರ್ಷದ ಕೆಲಸ ಕೀಬೋರ್ಡಿನದು. ಪ್ರತಿ ಕುರ್ಚಿಯೂ ಎಲಿಮೆಂಟ್ ಆದ್ದರಿಂದ ಟ್ಯಾಬ್‌ಇಂಡೆಕ್ಸ್ ಕೊಟ್ಟು, ಅರಿಯಾ ಲೇಬಲ್ (ಗಟ್ಟಿಯಾಗಿ ಓದಿಸಲೆಂದು ಕೊಡುವ ಹೆಸರು) ಬರೆದರೆ ಸ್ಕ್ರೀನ್ ರೀಡರ್ 'ಮೂರನೇ ಸಾಲು, ಹದಿನೇಳನೇ ಕುರ್ಚಿ, ಖಾಲಿ' ಎಂದು ಓದುತ್ತದೆ. ಆದರೆ 3000 ಕುರ್ಚಿಗಳ ಮೇಲೆ ಟ್ಯಾಬ್ ಒತ್ತುತ್ತ ಹೋಗಲು ಯಾರಿಗೂ ಆಗುವುದಿಲ್ಲವಲ್ಲ. ಸಾಲಿಗೊಂದು ಟ್ಯಾಬ್, ಸಾಲಿನೊಳಗೆ ಬಾಣದ ಗುಂಡಿಗಳು ಎಂದು ಬದಲಿಸುತ್ತಿದ್ದೇನೆ. ಬಾಗಿದ ಸಾಲಿನಲ್ಲಿ 'ಮೇಲಿನ ಬಾಣ' ಒತ್ತಿದರೆ ಯಾವ ಕುರ್ಚಿಗೆ ಹೋಗಬೇಕು ಎನ್ನುವುದು ಮಾತ್ರ ಇನ್ನೂ ತೀರ್ಮಾನವಾಗಿಲ್ಲ.